ಕಿವಿಗೆ ದಕ್ಕುವ ದೊಡ್ಡ ಕಾದಂಬರಿ

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ನಾನು ಮೂರು ಸಲ ಶುರುಮಾಡಿ ಮೂರು ಸಲವೂ ಅರ್ಧಕ್ಕೆ ಬಿಟ್ಟಿದ್ದೆ. ಪುಸ್ತಕದ್ದೇನೂ ತಪ್ಪಿರಲಿಲ್ಲ. ಮುಂಬಯಿಯ ದಹಿಸರ್‌ನಿಂದ ಚರ್ಚ್‌ಗೇಟಿಗೆ ಹೋಗಿ ಬರುವವನಿಗೆ ರಾತ್ರಿ ಊಟವಾದ ಮೇಲೆ ಹತ್ತು ಪುಟ ದಾಟುವ ಹೊತ್ತಿಗೆ ಕಣ್ಣು ಎಳೆಯುತ್ತದೆ. ವಾರ ಬಿಟ್ಟು ಮತ್ತೆ ತೆರೆದರೆ ಯಾರು ಯಾರ ಮಗ ಎಂಬುದೇ ಮರೆತಿರುತ್ತದೆ. ಕೊನೆಗೆ ಆ ಕಾದಂಬರಿ ನನಗೆ ದಕ್ಕಿದ್ದು ಲೋಕಲ್ ರೈಲಿನಲ್ಲಿ, ಇಯರ್‌ಫೋನಿನ ಮೂಲಕ, ಅಕ್ಕನ ದನಿಯಲ್ಲಿ.

ಆ ಧ್ವನಿಮುದ್ರಣ ಮಾಡಿದ್ದು ಅಮ್ಮನಿಗಾಗಿ. ಅಮ್ಮನಿಗೆ ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆ. ಓಡಾಟಕ್ಕೆ ತೊಂದರೆಯಿಲ್ಲ, ಆದರೆ ಅಕ್ಷರದ ಮೇಲೆ ದೃಷ್ಟಿ ಇಟ್ಟರೆ ಅಲ್ಲೇ ಕಪ್ಪು. ಕುಂದಾಪುರದ ಮನೆಯಲ್ಲಿರುವ ಅಕ್ಕ ದಿನಕ್ಕೊಂದಿಷ್ಟು ಓದಿ ಫೋನಿನಲ್ಲಿ ಮುದ್ರಿಸಿ ಕಳಿಸತೊಡಗಿದಳು. ದಹಿಸರ್‌ನ ನಮ್ಮ ಎರಡು ಕೋಣೆಯ ಮನೆಯಲ್ಲಿ ಅಮ್ಮ ಅದನ್ನು ಕೇಳುತ್ತಿದ್ದರು. ಕಡತಗಳನ್ನು ಹೆಸರು ಹಾಕಿ ಜೋಡಿಸುವ ಕೆಲಸ ನನ್ನದಾಗಿತ್ತು. ಜೋಡಿಸುತ್ತಾ ನಾನೂ ಕೇಳತೊಡಗಿದೆ. ಆಮೇಲೆ ಕೆಲವು ವರ್ಷಗಳಲ್ಲಿ ಹೀಗೆಯೇ ಹಲವು ದೊಡ್ಡ ಕಾದಂಬರಿಗಳನ್ನು ಮುಗಿಸಿದ್ದೇನೆ. ಕೇಳುವುದಕ್ಕೂ ಒಂದು ಕ್ರಮವಿದೆ, ಅದು ಗೊತ್ತಿಲ್ಲದೆ ಕೈಬಿಡುವವರೇ ಬಹಳ ಎಂಬುದು ಅಷ್ಟರಲ್ಲಿ ನನಗೆ ಮನದಟ್ಟಾಗಿದೆ. ಆ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಮೊದಲು ಲೆಕ್ಕ. ದೊಡ್ಡ ಕಾದಂಬರಿ ಎಂದರೆ ಎಷ್ಟು ಗಂಟೆ? ಸಾಮಾನ್ಯ ಅಳತೆಯ ಕನ್ನಡ ಪುಸ್ತಕದ ಒಂದು ಪುಟವನ್ನು ಆತುರವಿಲ್ಲದೆ ಗಟ್ಟಿಯಾಗಿ ಓದಲು ನಮ್ಮ ಮನೆಯ ಅಳತೆಯಲ್ಲಿ 2ರಿಂದ 2.5 ನಿಮಿಷ ಬೇಕು. 400 ಚಿಲ್ಲರೆ ಪುಟದ ‘ಮರಳಿ ಮಣ್ಣಿಗೆ’ ಅಕ್ಕನ ಓದಿನಲ್ಲಿ ಸುಮಾರು 17 ಗಂಟೆಯಾಯಿತು. 700 ಪುಟದ ಪುಸ್ತಕವಾದರೆ 25 ಗಂಟೆ ದಾಟುತ್ತದೆ. ಈ ಅಂಕಿ ನೋಡಿ ಹೆದರಬೇಕಾಗಿಲ್ಲ. ನನ್ನ ಸ್ಲೋ ಲೋಕಲ್ ಪ್ರಯಾಣ ಒಂದು ಬದಿಗೆ ಒಂದು ಗಂಟೆಗೂ ಹೆಚ್ಚು. ಹತ್ತುವ ಇಳಿಯುವ ನೂಕುನುಗ್ಗಲು ಕಳೆದು ನಿಜಕ್ಕೂ ಕೇಳಲು ಸಿಗುವುದು 50 ನಿಮಿಷ ಎಂದಿಟ್ಟುಕೊಂಡರೂ ಹೋಗಿಬರುವಾಗ 100 ನಿಮಿಷ, ಐದು ದಿನಕ್ಕೆ 8 ಗಂಟೆಯ ಮೇಲೆ. ಎರಡು ವಾರ ಕಳೆಯುವಷ್ಟರಲ್ಲಿ ಕಾರಂತರು ಮುಗಿಯುತ್ತಾರೆ. ಮೂರು ವಾರ ಚಿಲ್ಲರೆಯಲ್ಲಿ ಕುವೆಂಪು.

ಗಂಟೆಯ ಲೆಕ್ಕ ಸರಿಹೋದರೂ ಗಮನದ ಲೆಕ್ಕ ಬೇರೆ. ಪುಟದ ಮೇಲೆ ಮನಸ್ಸು ಬೇರೆಡೆ ಹೋದರೆ ಕಣ್ಣು ನಿಲ್ಲುತ್ತದೆ, ಪುಸ್ತಕವೂ ಕಾಯುತ್ತದೆ. ಕೇಳುವಾಗ ಮನಸ್ಸು ಹೋದರೆ ಕಥೆ ಕಾಯುವುದಿಲ್ಲ, ಮುಂದೆ ನಡೆದುಬಿಡುತ್ತದೆ. ಕೇಳುವುದು ಓದಿದಷ್ಟೇ ಆಗುತ್ತದೆಯೇ ಎಂದು ಕೇಳುವವರಿಗೆ ಅಮೆರಿಕದ ಬ್ಲೂಮ್ಸ್‌ಬರ್ಗ್ ವಿಶ್ವವಿದ್ಯಾಲಯದ ಬೆತ್ ರೊಗೋವ್‌ಸ್ಕಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಉತ್ತರ ಕೊಡುತ್ತದೆ. ಒಂದೇ ಬರಹವನ್ನು ಕೆಲವರು ಕೇಳಿದರು, ಕೆಲವರು ಪರದೆಯ ಮೇಲೆ ಓದಿದರು, ಕೆಲವರು ಎರಡನ್ನೂ ಒಟ್ಟಿಗೆ ಮಾಡಿದರು. ಆಗಲೂ ಎರಡು ವಾರದ ನಂತರವೂ ಅವರ ಗ್ರಹಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿ ಬಳಸಿದ್ದು ಕಥನರೂಪದ ನಿಜಘಟನೆಯ ಬರಹ, ಅದೂ ಕೆಲವು ಭಾಗಗಳು ಮಾತ್ರ. ನೂರು ಪಾತ್ರಗಳ ಕಾದಂಬರಿಗೆ ಅದೇ ಮಾತನ್ನು ಹಾಗೆಯೇ ಅನ್ವಯಿಸಲಾಗದು. ದೊಡ್ಡ ಕಾದಂಬರಿ ಕೇಳುವವರು ಕಿವಿಗೆ ಒಂದಿಷ್ಟು ಆಸರೆ ಕಟ್ಟಿಕೊಡಬೇಕು.

ಮೊದಲ ಆಸರೆ ಹೆಸರಿನ ಚೀಟಿ. ‘ಮರಳಿ ಮಣ್ಣಿಗೆ’ ಮೂರು ತಲೆಮಾರಿನ ಕಥೆ. ಕಡಲಿಗೂ ಹೊಳೆಗೂ ನಡುವಿನ ಕೋಡಿ ಗ್ರಾಮದ ರಾಮ ಐತಾಳರು, ಅವರ ಹೆಂಡಿರು ಪಾರೋತಿ ಮತ್ತು ಸತ್ಯಭಾಮೆ, ತಂಗಿ ಸರಸೋತಿ, ಮಗ ಲಚ್ಚ, ಸೊಸೆ ನಾಗವೇಣಿ, ಮೊಮ್ಮಗ ರಾಮ. ಅಜ್ಜನ ಹೆಸರೇ ಮೊಮ್ಮಗನಿಗೆ. ಕಣ್ಣಿಗೆ ಇದು ತೊಡಕಲ್ಲ, ಹಿಂದಿನ ಪುಟ ತಿರುವಿದರೆ ತಿಳಿಯುತ್ತದೆ. ಕಿವಿಗೆ ಎರಡು ರಾಮ ಒಂದೇ. ಹಾಗಾಗಿ ಶುರುಮಾಡುವ ಮೊದಲೇ ಒಂದು ಚೀಟಿಯಲ್ಲಿ ಸಂಸಾರದ ಮರವನ್ನು ಬರೆದು ಅದರ ಫೋಟೋ ಫೋನಿನಲ್ಲಿಟ್ಟುಕೊಳ್ಳಬೇಕು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಇನ್ನೊಂದು ಬಗೆ. ಅಲ್ಲಿ ಇಂಥವನೇ ನಾಯಕ ಎಂದಿಲ್ಲ, ಪಾತ್ರಗಳು ನೂರಾರು. ವ್ಯಕ್ತಿಗಳ ಹೆಸರನ್ನು ಪಟ್ಟಿ ಮಾಡಹೊರಟರೆ ದಣಿವು. ನಾನು ಮನೆಗಳ ಪಟ್ಟಿ ಮಾಡಿಕೊಂಡೆ: ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ. ಯಾರೇ ಬಂದರೂ ಅವರು ಯಾವ ಮನೆಗೆ ಸೇರಿದವರು ಎಂದು ಕೂಡಿಸಿಕೊಂಡರೆ ಸಾಕು, ಉಳಿದದ್ದು ತಾನಾಗಿ ನಿಲ್ಲುತ್ತದೆ. ಕೋಣೂರಿನ ಮುಕುಂದಯ್ಯ, ಹೂವಳ್ಳಿಯ ಚಿನ್ನಮ್ಮ, ಸಿಂಬಾವಿಯ ಗುತ್ತಿ, ಅವನ ಹಿಂದೆಯೇ ನಾಯಿ ಹುಲಿಯ. ಊರಲ್ಲಿ ನಾವು ಜನರನ್ನು ನೆನಪಿಡುವುದೂ ಹೀಗೆಯೇ ಅಲ್ಲವೇ, ಮನೆಹೆಸರಿನಿಂದ.

ಎರಡನೆಯ ಆಸರೆ ನಿಲುಗಡೆ, ಇದನ್ನು ನಾನು ಗಮಕದಿಂದ ಕಲಿತೆ. ಕುಮಾರವ್ಯಾಸ ಭಾರತದ ವಾಚನದಲ್ಲಿ ಇಬ್ಬರು ಕೂರುತ್ತಾರೆ. ಗಮಕಿ ಕೆಲವು ಪದ್ಯ ಹಾಡಿ ನಿಲ್ಲಿಸುತ್ತಾರೆ, ವ್ಯಾಖ್ಯಾನಕಾರರು ಅದನ್ನು ಬಿಡಿಸಿ ಹೇಳುತ್ತಾರೆ, ಮತ್ತೆ ವಾಚನ. ಅಕ್ಷರ ಬಾರದ ಊರಿನವರೆಲ್ಲ ಅಷ್ಟು ದೊಡ್ಡ ಕಾವ್ಯವನ್ನು ಮನಸ್ಸಿನಲ್ಲಿಟ್ಟುಕೊಂಡದ್ದು ಈ ನಿಲುಗಡೆಗಳಿಂದ. ಮುಂಬಯಿಯ ನಮ್ಮವರಿಗೆ ಇನ್ನೂ ಹತ್ತಿರದ ಉದಾಹರಣೆ ತಾಳಮದ್ದಳೆ. ಮಳೆಗಾಲದಲ್ಲಿ ಕರಾವಳಿಯಿಂದ ಕಲಾವಿದರು ಬರುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಗಂಟೆಗಟ್ಟಲೆ ಮಾತೇ ಮಾತು. ಜನ ಕದಲದೆ ಕೇಳುತ್ತಾರೆ. ಭಾಗವತರ ಪದ ಬಂದಾಗ ಆ ತನಕದ ವಾದವನ್ನು ಮನಸ್ಸು ಒಮ್ಮೆ ಮೆಲುಕು ಹಾಕಿಕೊಳ್ಳುತ್ತದೆ. ಇಯರ್‌ಫೋನಿನಲ್ಲಿ ಆ ಪದ ಇಲ್ಲ, ನಾವೇ ಇಟ್ಟುಕೊಳ್ಳಬೇಕು. ನಾನು ಅಂಧೇರಿಗೊಮ್ಮೆ, ದಾದರಿಗೊಮ್ಮೆ ನಿಲ್ಲಿಸುತ್ತೇನೆ. ಈವರೆಗೆ ಏನಾಯಿತು ಎಂದು ಒಂದೆರಡು ವಾಕ್ಯದಲ್ಲಿ ನನಗೇ ಹೇಳಿಕೊಳ್ಳುತ್ತೇನೆ. ಹೇಳಲಾಗದಿದ್ದರೆ ಐದು ನಿಮಿಷ ಹಿಂದಕ್ಕೆ. ಮುಂದಿನ ನಿಲ್ದಾಣದ ಘೋಷಣೆ ಮೂರು ಭಾಷೆಯಲ್ಲಿ ಬಂದು ಕಥೆಯನ್ನು ಕತ್ತರಿಸುವುದು ಮೊದಮೊದಲು ಕಿರಿಕಿರಿಯಾಗುತ್ತಿತ್ತು. ಈಗ ಅದೇ ನನಗೆ ಭಾಗವತರ ಪದ.

ಮನೆಯಲ್ಲಿ ಅಮ್ಮನ ಕ್ರಮ ಇನ್ನೂ ಸರಳ. ‘ಮಗಾ, ಅದನ್ನ ಇನ್ನೊಂದ್ಸಲಿ ಹಾಕ್, ಕಾಂಬ’ ಎನ್ನುತ್ತಾರೆ. ಮುಂದಕ್ಕೆ ಹೋಗುವ ಅವಸರ ಅವರಿಗಿಲ್ಲ. ಎಷ್ಟು ಬೇಗ ಮುಗಿಸಿದೆ ಎಂಬ ಲೆಕ್ಕವನ್ನು ಬಿಡುವುದು ದೊಡ್ಡ ಕಾದಂಬರಿ ಕೇಳುವವರು ಮೊದಲು ಮಾಡಬೇಕಾದ ಕೆಲಸ ಎಂದು ನಾನು ಅವರಿಂದ ಅರಿತೆ.

ವೇಗದ ಗುಂಡಿಯ ವಿಷಯವೂ ಇಲ್ಲೇ ಬರುತ್ತದೆ. ಹಿಂದೆ ಟೇಪನ್ನು ಬೇಗ ಓಡಿಸಿದರೆ ದನಿ ಕೀರಲಾಗುತ್ತಿತ್ತು. ಈಗಿನ ಆ್ಯಪ್‌ಗಳು ಧ್ವನಿಯನ್ನು ಸೆಕೆಂಡಿನ ಕೆಲವೇ ನೂರರ ಪಾಲಿನಷ್ಟು ಸಣ್ಣ ತುಣುಕುಗಳಾಗಿ ಕತ್ತರಿಸಿ, ನಡುನಡುವೆ ಕೆಲವನ್ನು ತೆಗೆದು, ಉಳಿದವನ್ನು ಒಂದರ ಮೇಲೊಂದು ಹೊಂದಿಸಿ ಜೋಡಿಸುತ್ತವೆ. ಹಾಗಾಗಿ ಸ್ವರ ಏರದೆ ವೇಗ ಮಾತ್ರ ಏರುತ್ತದೆ. ಕನ್ನಡದಲ್ಲಿ ಇದನ್ನು ಮಿತಿಯಲ್ಲಿ ಬಳಸಬೇಕು. ನಮ್ಮಲ್ಲಿ ಒತ್ತು ಮತ್ತು ದೀರ್ಘ ಅರ್ಥವನ್ನೇ ಬದಲಿಸುತ್ತವೆ: ಬಳಿ, ಬಳ್ಳಿ, ಬಾಳಿ. ಓಟದಲ್ಲಿ ಒತ್ತಿನ ತಡೆ ಕಿರಿದಾಗಿ ಕಿವಿಗೆ ಜಾರುತ್ತದೆ. ವರ್ಣನೆ, ನಿರೂಪಣೆಗೆ 1.25ರ ವೇಗ ನಡೆಯುತ್ತದೆ. ಪ್ರಾದೇಶಿಕ ಕನ್ನಡದ ಸಂಭಾಷಣೆಗೆ 1ಕ್ಕಿಂತ ಮೇಲೆ ಹೋಗಬಾರದು.

ಈ ಪ್ರಾದೇಶಿಕ ಕನ್ನಡದ ವಿಷಯದಲ್ಲಿ ಕಿವಿ ಪುಟವನ್ನು ಮೀರಿಸುತ್ತದೆ. ಕಾರಂತರ ಕೋಟದ ಸೀಮೆಯ ಮಾತು, ಕುವೆಂಪು ಅವರ ಮಲೆನಾಡಿನ ಮಾತು, ರಾವಬಹಾದ್ದೂರರ ‘ಗ್ರಾಮಾಯಣ’ದ (1957) ಉತ್ತರ ಕರ್ನಾಟಕದ ಮಾತು ಅಚ್ಚಿನಲ್ಲಿ ಕಂಡಾಗ ಬೇರೆ ಸೀಮೆಯವರು ಒಂದೊಂದೇ ಪದ ಬಿಡಿಸಿ ಓದಬೇಕಾಗುತ್ತದೆ. ಆ ಸೀಮೆಯ ಬಾಯಿಂದ ಕೇಳಿದರೆ ರಾಗವೇ ಅರ್ಥದ ಅರ್ಧ ಭಾರ ಹೊರುತ್ತದೆ, ಬೈಗುಳವೋ ಅಕ್ಕರೆಯೋ ಕೂಡಲೇ ತಿಳಿಯುತ್ತದೆ. ಹಾಗಾಗಿ ಆಡಿಯೊ ಪುಸ್ತಕ ಕೊಳ್ಳುವ ಮೊದಲು ಮಾದರಿಯನ್ನು ಕೇಳುವಾಗ ಆರಂಭದ ವರ್ಣನೆಯಿಂದ ತೀರ್ಮಾನ ಮಾಡಬೇಡಿ. ಸಂಭಾಷಣೆ ಇರುವ ಭಾಗ ಸಿಕ್ಕರೆ ಅದನ್ನು ಕೇಳಿ. ಪಾತ್ರಕ್ಕೊಂದು ದನಿ ಬದಲಿಸುವ ನಟನೆ ಬೇಕಾಗಿಲ್ಲ. ನಾಲ್ಕು ಗಂಟೆ ಕಳೆದ ಮೇಲೆ ಅತಿ ನಟನೆ ಸಾಕೆನಿಸುತ್ತದೆ. ನೇರ ಓದು ಬಹಳ ದೂರ ಜೊತೆಗೆ ಬರುತ್ತದೆ.

ಯಾವುದರಿಂದ ತೊಡಗಬೇಕು? ‘ಚೋಮನ ದುಡಿ’ (1933) ಅಥವಾ ‘ಬೆಟ್ಟದ ಜೀವ’ದಂಥ (1943) ಚಿಕ್ಕದರಿಂದ ಕಿವಿಯನ್ನು ಪಳಗಿಸಿಕೊಂಡು ದೊಡ್ಡದಕ್ಕೆ ಹೋಗುವುದು ಒಳ್ಳೆಯದು. ಎಸ್.ಎಲ್. ಭೈರಪ್ಪನವರ ‘ಪರ್ವ’ (1979) ಗಾತ್ರದಲ್ಲಿ ದೊಡ್ಡದು, ಮಾತು ಪಾತ್ರಗಳ ಒಳಮನಸ್ಸಿನಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಆದರೂ ಕೇಳಲು ಅದು ಅಷ್ಟು ಕಷ್ಟವಲ್ಲ. ಶಲ್ಯ, ಕುಂತಿ, ಭೀಮ, ಕರ್ಣ ಯಾರೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹೆಸರಿನ ಚೀಟಿಯನ್ನು ನಮ್ಮ ಅಜ್ಜಿಯರೇ ಬರೆದುಕೊಟ್ಟಿದ್ದಾರೆ.

ನಿಜಕ್ಕೂ ಕಠಿಣವಾದದ್ದು ಯಶವಂತ ಚಿತ್ತಾಲರ ‘ಶಿಕಾರಿ’ (1979). ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿ ಬಾಳಿನ ಬಹುಭಾಗ ಮುಂಬಯಿಯಲ್ಲೇ ಕಳೆದ ಚಿತ್ತಾಲರ ಆ ಕಾದಂಬರಿಯ ನಾಗಪ್ಪ ಇದೇ ನಗರದ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವವನು. ಆಪಾದನೆ ಏನೆಂದೇ ತಿಳಿಯದೆ ಅಮಾನತಿಗೆ ಒಳಗಾಗುತ್ತಾನೆ. ಹೊರಗೆ ನಡೆಯುವುದು ಸ್ವಲ್ಪ, ಅವನ ತಲೆಯೊಳಗೆ ನಡೆಯುವುದು ಬಹಳ. ನೆನಪು, ಶಂಕೆ, ಭಯ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಪುಟದ ಮೇಲಾದರೆ ಪ್ಯಾರಾ ಬಿಟ್ಟದ್ದು, ಉದ್ಧರಣ ಚಿಹ್ನೆ ಹಾಕಿದ್ದು ಕಾಣುತ್ತದೆ. ಕಿವಿಗೆ ಆ ಗುರುತುಗಳಿಲ್ಲ, ಓದುವವರ ಉಸಿರಿನ ತಡೆಯಿಂದಲೇ ಅದನ್ನು ತಿಳಿಯಬೇಕು. ಇಂಥದ್ದನ್ನು ಹದಿನೈದು ನಿಮಿಷದ ತುಣುಕುಗಳಲ್ಲಿ ಕೇಳಿದರೆ ಎಳೆ ಸಿಗುವುದಿಲ್ಲ. ಕೂರಲು ಜಾಗ ಸಿಗುವ ದಿನ, ಒಂದೇ ಪಟ್ಟಿಗೆ ಒಂದು ಗಂಟೆ, ಅಚ್ಚಿನ ಪುಸ್ತಕವೂ ತೊಡೆಯ ಮೇಲಿದ್ದರೆ ಇನ್ನೂ ಒಳ್ಳೆಯದು. ಕಣ್ಣೂ ಕಿವಿಯೂ ಒಟ್ಟಿಗೆ ಸಾಗಿದರೆ ಇಂಥ ಬರವಣಿಗೆ ಬೇಗ ಬಿಚ್ಚಿಕೊಳ್ಳುತ್ತದೆ. ಕಥೆ ಮುಂಬಯಿಯದು, ಕಿಟಕಿಯಾಚೆಯೂ ಮುಂಬಯಿ. ಬಾಂದ್ರಾ ದಾಟುವಾಗ ಚಿತ್ತಾಲರ ಮನೆ ಈ ಉಪನಗರದಲ್ಲಿತ್ತು ಎಂದು ನೆನಪಾಗಿ ನಾಗಪ್ಪನ ದಿಗಿಲು ನನಗೆ ಇನ್ನಷ್ಟು ಹತ್ತಿರವಾಗಿತ್ತು.

ಇನ್ನು ಸದ್ದು. ಲೋಕಲ್‌ನ ಗದ್ದಲದಲ್ಲಿ ಮಾತು ಕೇಳಲೆಂದು ನಾವು ತಿಳಿಯದೆಯೇ ವಾಲ್ಯೂಮ್ ಏರಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳಿರುವ ಮಿತಿ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ. ಸದ್ದು ಏರಿದಂತೆ ಆ ಗಂಟೆಗಳು ಬಹಳ ಬೇಗ ಕರಗುತ್ತವೆ. ಕಿವಿಯೊಳಗೆ ಬಿಗಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ಹಾಕಿದರೆ ಹೊರಗಿನ ಸದ್ದು ತಗ್ಗುತ್ತದೆ, ಕಡಿಮೆ ವಾಲ್ಯೂಮಿನಲ್ಲೇ ಕೆಲಸ ನಡೆಯುತ್ತದೆ. ಸದ್ದಡಗಿಸುವ ಯಂತ್ರವಿರುವ ಬಗೆಯವು ಹೊರಗಿನ ಸದ್ದಿಗೆ ಸರಿಯಾಗಿ ವಿರುದ್ಧವಾದ ಅಲೆಯನ್ನು ಹುಟ್ಟಿಸಿ ಅದನ್ನು ಕಡಿಯುತ್ತವೆ. ಚಕ್ರ, ಮೋಟಾರಿನಂಥ ಒಂದೇ ಸಮನಾದ ಗುಂಯ್‌ಗುಡುವಿಕೆಗೆ ಅವು ಚೆನ್ನ, ಪಕ್ಕದಲ್ಲಿ ಮಾತಾಡುವವರ ದನಿಗೆ ಅಷ್ಟಕ್ಕಷ್ಟೆ. ದಹಿಸರ್‌ನಿಂದ ಮೆಟ್ರೊ ಶುರುವಾದ ಮೇಲೆ (ಮೊದಲ ಹಂತ 2022ರ ಏಪ್ರಿಲ್ 2ರಂದು, ಪೂರ್ತಿ ಮಾರ್ಗ 2023ರ ಜನವರಿಯಲ್ಲಿ) ಅಂಧೇರಿ ಕಡೆ ಹೋಗುವವರಿಗೆ ಕೇಳಲು ಒಳ್ಳೆಯ ಜಾಗ ಸಿಕ್ಕಿದೆ. ಬಾಗಿಲು ಮುಚ್ಚಿದ ತಂಪು ಡಬ್ಬಿಯಲ್ಲಿ ಕಾದಂಬರಿ ಸ್ಪಷ್ಟವಾಗಿ ಕೇಳುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಪ್ಲಾಟ್‌ಫಾರ್ಮಿನ ಅಂಚಿನಲ್ಲಿ, ರಸ್ತೆ ದಾಟುವಾಗ, ಹತ್ತುವ ಇಳಿಯುವ ಹೊತ್ತಿನಲ್ಲಿ ಕಿವಿಯಲ್ಲಿ ಏನೂ ಇರಕೂಡದು. ಹಳಿ ದಾಟುವ ಮಾತಂತೂ ಬೇಡವೇ ಬೇಡ. ಕಥೆಯಲ್ಲಿ ಮುಳುಗಿದವರಿಗೆ ಹಾರ್ನ್ ಕೇಳಿಸುವುದಿಲ್ಲ.

ಕನ್ನಡದಲ್ಲಿ ಆಡಿಯೊ ಪುಸ್ತಕಗಳು ಎಲ್ಲಿ ಸಿಗುತ್ತವೆ? ಬೆಂಗಳೂರಿನಿಂದ ನಡೆಯುವ ಮೈಲ್ಯಾಂಗ್ ಕನ್ನಡ ಇ-ಪುಸ್ತಕ, ಆಡಿಯೊ ಪುಸ್ತಕಗಳಿಗೆಂದೇ ಹುಟ್ಟಿಕೊಂಡದ್ದು. ಸ್ಟೋರಿಟೆಲ್‌ನಂಥ ಹೊರಗಿನ ಸಂಸ್ಥೆಗಳಲ್ಲೂ ಕನ್ನಡವಿದೆ. ಆದರೆ ಬೇಕಾದ ಹಳೆಯ ದೊಡ್ಡ ಕಾದಂಬರಿ ಬೇಕಾದಾಗ ಸಿಗುತ್ತದೆ ಎಂದೇನಿಲ್ಲ. ಇದಕ್ಕೆ ಕಾರಣಗಳಿವೆ. ಅಚ್ಚಿನ ಹಕ್ಕು ಬೇರೆ, ಧ್ವನಿಯ ಹಕ್ಕು ಬೇರೆ. ಹಳೆಯ ಒಪ್ಪಂದಗಳಲ್ಲಿ ಧ್ವನಿಯ ಮಾತೇ ಇರದಿದ್ದರೆ ಲೇಖಕರ ಕುಟುಂಬದ ಒಪ್ಪಿಗೆಯನ್ನು ಹೊಸದಾಗಿ ಪಡೆಯಬೇಕು. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಕಾರಂತರು 1997ರಲ್ಲಿ. ಅಂದರೆ ಅವರ ಕೃತಿಗಳ ಹಕ್ಕು 2054 ಮತ್ತು 2057ರ ಕೊನೆಯವರೆಗೂ ಇದೆ. 1913ರಲ್ಲಿ ತೀರಿಕೊಂಡ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899), 1930ರಲ್ಲಿ ತೀರಿಕೊಂಡ ಎಂ.ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ (1915) ಎಲ್ಲರ ಸ್ವತ್ತು. ಯಾರು ಬೇಕಾದರೂ ಓದಿ ಮುದ್ರಿಸಿ ಹಂಚಬಹುದು. ಮುಂಬಯಿಯ ಕನ್ನಡ ಸಂಘಗಳು ಇವನ್ನು ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ಬಹುದಿನದ ಆಸೆ.

ದೃಷ್ಟಿದೋಷದಿಂದ ಓದಲಾಗದವರ ಮಟ್ಟಿಗೆ ಕಾನೂನು ಬೇರೆಯೇ ಬಾಗಿಲು ತೆರೆದಿದೆ. 2012ರ ತಿದ್ದುಪಡಿಯ ನಂತರ ಅಂಥವರಿಗೆಂದು ಲಾಭದ ಉದ್ದೇಶವಿಲ್ಲದೆ ಪುಸ್ತಕವನ್ನು ಧ್ವನಿಗೆ ಬದಲಿಸಲು ಅನುಮತಿ ಬೇಕಿಲ್ಲ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ ಇರುವುದೇ ಅವರಿಗಾಗಿ. ಅಸಲಿಗೆ ಕೇಳುವ ಪುಸ್ತಕದ ಹುಟ್ಟೇ ಅಂಧರಿಗೋಸ್ಕರ. ಬ್ರಿಟನ್ನಿನಲ್ಲಿ 1935ರಲ್ಲಿ ಮೊದಲು ಬಂದ ಮಾತಾಡುವ ಪುಸ್ತಕಗಳು ಗ್ರಾಮಫೋನ್ ತಟ್ಟೆಗಳ ಕಟ್ಟುಗಳಾಗಿದ್ದವು.

ಫೋನೇ ಓದಿ ಹೇಳಲಿ ಎನ್ನುವವರೂ ಇದ್ದಾರೆ. ಈಗ ಫೋನಿನ ಯಂತ್ರದನಿ ಕನ್ನಡವನ್ನೂ ಓದುತ್ತದೆ, ಪತ್ರಿಕೆಯ ಲೇಖನಕ್ಕೆ ಅದು ಸಾಕು. ಆದರೆ ಎರಡು ತೊಡಕು ಎದುರಾಗುತ್ತವೆ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕ ಬರೀ ಚಿತ್ರ, ಅದನ್ನು ಮೊದಲು ಅಕ್ಷರವಾಗಿ ಪರಿವರ್ತಿಸಬೇಕು, ಆಗ ಒತ್ತಕ್ಷರಗಳಲ್ಲಿ ತಪ್ಪು ನುಸುಳುತ್ತದೆ. ಎರಡನೆಯದಾಗಿ ‘ನುಡಿ’, ‘ಬರಹ’ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಜೋಡಿಸಿದ ಕಡತ ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯುನಿಕೋಡಿಗೆ ಬದಲಿಸಿದ ಮೇಲೆಯೇ ಅದು ಓದೀತು. ಓದಿದರೂ ಪಾರೋತಿಯ ಮಾತನ್ನು ವಾರ್ತೆಯಂತೆ ಓದುತ್ತದೆ.

ಹಾಗಾಗಿ ಮನೆಯವರಿಗಾಗಿ ಮನೆಯಲ್ಲೇ ಓದಿ ಮುದ್ರಿಸುವುದನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಅಕ್ಕನ ಅನುಭವದಲ್ಲಿ ಒಂದು ಗಂಟೆಯ ಒಪ್ಪವಾದ ಧ್ವನಿಗೆ ಮೂರು ಗಂಟೆ ಹಿಡಿಯಿತು. ಅವಳು ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರ ಮುಂದೆ ಕೂರುತ್ತಿದ್ದಳು, ಬಟ್ಟೆ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತದೆ. ಫ್ಯಾನ್ ಬಂದ್, ಫೋನ್ ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲದೆ ಸ್ವಲ್ಪ ಓರೆಗೆ. ತಪ್ಪಿದಾಗ ನಿಲ್ಲಿಸದೆ ಒಮ್ಮೆ ಚಪ್ಪಾಳೆ ತಟ್ಟಿ ಆ ವಾಕ್ಯವನ್ನು ಮತ್ತೆ ಓದುತ್ತಿದ್ದಳು. ಆಮೇಲೆ ಕಂಪ್ಯೂಟರಿನಲ್ಲಿ ಧ್ವನಿಯ ಗೆರೆ ನೋಡಿದರೆ ಚಪ್ಪಾಳೆ ಮೊಳೆಯಂತೆ ಎದ್ದು ಕಾಣುತ್ತದೆ, ಅಲ್ಲಿ ಕತ್ತರಿಸಿದರಾಯಿತು. ಅಧ್ಯಾಯಕ್ಕೊಂದು ಕಡತ, ಹೆಸರಿನ ಮೊದಲಿಗೆ 001, 002 ಎಂದು ಅಂಕೆ ಹಾಕಬೇಕು, ಇಲ್ಲದಿದ್ದರೆ ಫೋನ್ 1ರ ನಂತರ 10ನ್ನು ತರುತ್ತದೆ. ಮಾತಿಗೆ 64 ಕೆಬಿಪಿಎಸ್ ಮೊನೊ ಧಾರಾಳ. ಗಂಟೆಗೆ ಸುಮಾರು 29 ಎಂಬಿ, 17 ಗಂಟೆಯ ಕಾದಂಬರಿ 500 ಎಂಬಿಯೊಳಗೆ ಕೂರುತ್ತದೆ. ಹಕ್ಕು ಇನ್ನೂ ಇರುವ ಕೃತಿಯಾದರೆ ಇದು ಮನೆಯೊಳಗೇ ಉಳಿಯಬೇಕು, ವಾಟ್ಸ್‌ಆ್ಯಪ್ ಗುಂಪಿಗೆ ಹೋಗಕೂಡದು.

ಇದರಿಂದ ನಾನು ಎಣಿಸದಿದ್ದ ಒಂದು ಪ್ರಯೋಜನವೂ ಆಯಿತು. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಹುಡುಗರು ಮುಂಬಯಿಯ ಹೋಟೆಲುಗಳಲ್ಲಿ ಹಗಲಿಡೀ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರು. ಅವರ ಮೊಮ್ಮಕ್ಕಳು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತಾರೆ, ಶಾಲೆಯಲ್ಲಿ ಮರಾಠಿ, ಇಂಗ್ಲಿಷ್ ಓದುತ್ತಾರೆ, ಕನ್ನಡ ಲಿಪಿ ಮಾತ್ರ ಬಾರದು. ನನ್ನ ಮಗಳೂ ಹಾಗೆಯೇ. ಅಜ್ಜಿಯ ಮಂಚದ ತುದಿಯಲ್ಲಿ ಕೂತು ಅವಳೂ ಕೋಡಿಯ ಕಥೆ ಕೇಳತೊಡಗಿದಳು. ‘ಅಪ್ಪಾ, ಸರಸೋತಿ ಅಂದ್ರೆ ಸರಸ್ವತಿನಾ?’ ಎಂದು ಕೇಳಿದ ದಿನ ಅವಳು ಕಥೆಯೊಳಗೆ ಕಾಲಿಟ್ಟಿದ್ದಳು. ಅರ್ಥವಾಗದ ಪದ ಬಂದರೆ ಅಜ್ಜಿ ನಿಲ್ಲಿಸಿ ಹೇಳುತ್ತಿದ್ದರು. ವಾಚನ ಫೋನಿನದು, ವ್ಯಾಖ್ಯಾನ ಅಜ್ಜಿಯದು.

ಕೊನೆಯದಾಗಿ ಒಂದು ಸಣ್ಣ ಸಲಹೆ. ಕೊನೆಯ ಅಧ್ಯಾಯವನ್ನು ರೈಲಿನಲ್ಲಿ ಕೇಳಬೇಡಿ. ಇಪ್ಪತ್ತು ಗಂಟೆ ಜೊತೆಗಿದ್ದ ಜನರನ್ನು ಬೀಳ್ಕೊಡುವಾಗ ಹಿಂದಿನವರು ‘ದಹಿಸರ್ ಉತರ್ನಾ ಹೈ ಕ್ಯಾ?’ ಎಂದು ಭುಜ ತಟ್ಟುತ್ತಿರಬಾರದು. ನಾನು ಆ ಕಡತವನ್ನು ಭಾನುವಾರಕ್ಕೆ ಉಳಿಸಿಕೊಂಡೆ. ಮಧ್ಯಾಹ್ನದ ಊಟ ಮುಗಿಸಿ ಮೂವರೂ ಅಮ್ಮನ ಕೋಣೆಯಲ್ಲಿ ಕೂತೆವು, ಇಯರ್‌ಫೋನ್ ತೆಗೆದು ಫೋನನ್ನು ಉಕ್ಕಿನ ಲೋಟದೊಳಗೆ ನಿಲ್ಲಿಸಿದೆ, ಸದ್ದು ಕೊಂಚ ದೊಡ್ಡದಾಗಲೆಂದು. ಅಕ್ಕನ ದನಿ ನಿಂತಿತು. ಮುದ್ರಣ ಬಂದ್ ಮಾಡಲು ಮರೆತಿದ್ದಳೇನೋ, ಪುಸ್ತಕ ಮುಚ್ಚಿದ ಸದ್ದೂ ಅದರ ಹಿಂದೆ ಹಂಚಿನ ಮೇಲೆ ಬೀಳುವ ಕುಂದಾಪುರದ ಮಳೆಯೂ ಇನ್ನೂ ಸ್ವಲ್ಪ ಹೊತ್ತು ಕೇಳಿಸುತ್ತಿದ್ದವು. ಅಮ್ಮ ಅದನ್ನೂ ಪೂರ್ತಿ ಕೇಳಿದರು.